ಮೆತ್ತಗಿನ ಬಾಟಲಿ

ಸಾಯುವ ಹೊತ್ತಿನಲ್ಲಿ ಮನುಷ್ಯ ಏನು ಕೇಳಬಹುದು? ಪಾದ್ರಿಯನ್ನು ಕರೆಸಿ ಅನ್ನಬಹುದು, ದೂರದಲ್ಲಿರುವವರನ್ನು ಒಮ್ಮೆ ನೋಡಬೇಕು ಅನ್ನಬಹುದು. ಅರ್ವಿಡ್ ಲಾಹ್ಟಿ ಬಿಯರ್ ಕೇಳಿದ. ಅದೂ ಅಂಗಡಿಯದಲ್ಲ, ತನ್ನ ಮನೆಯ ನೆಲಮಾಳಿಗೆಯಲ್ಲಿ ಹುದುಗು ಬಂದದ್ದೇ ಆಗಬೇಕು. ಮಾಡಿಕೊಡು ಎಂದು ಕೇಳಿದ್ದಾದರೂ ಯಾರನ್ನು? ಮದುವೆಯಾದಾಗಿನಿಂದ ಬಿಯರಿನ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸದ ತಮ್ಮ ಲೆನ್ನಿಯನ್ನು.

"ಅಂಗಡಿಯಿಂದ ತಂದು ಹಾಸಿಗೆ ಪಕ್ಕ ಸಾಲಾಗಿ ಜೋಡಿಸ್ತೀನಿ ಬಿಡು," ಎಂದ ಲೆನ್ನಿ. "ಎಲ್ಮಾ ಬೈದ್ರೆ ಬೈಸ್ಕೋತೀನಿ. ಮಾಡೋದು ಗೀಡೋದು ನನ್ನ ಕೈಲಾಗಲ್ಲ ಕಣೋ."

"ಅಂಗಡಿದನ್ನ ಕುದುರೆಗೆ ಕುಡಿಸು. ಕುದುರೇನೂ ಮುಖ ತಿರುಗಿಸುತ್ತೆ." ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅರ್ವಿಡ್ ಮೂಗಿನ ಆಮ್ಲಜನಕದ ನಳಿಗೆಯಿಂದ ಉಸಿರೆಳೆದುಕೊಳ್ಳಬೇಕಿತ್ತು. "ಅಷ್ಟು ದೊಡ್ಡ ರಸ್ತೆ ಹಿಮ ತಳ್ಳೋ ಲಾರಿ ಓಡಿಸ್ದೋನು ನೀನು. ಬಕೆಟ್ಟಲ್ಲಿ ಸಕ್ಕರೆ ಕದಡೋಕೆ ಬರಲ್ವಾ?"

ಕಬ್ಬಿಣದ ಗಣಿಯಲ್ಲಿ ದುಡಿದ ಎದೆ ಅದು. ಶರತ್ಕಾಲದಲ್ಲೇ ನೆಲಮಾಳಿಗೆಯ ಮೆಟ್ಟಿಲು ಇಳಿಯಲಾಗದೆ ಹೋದ. ಕೊನೆಯ ಬಾಟಲಿಗಳು ನವೆಂಬರಿನ ಜಿಂಕೆ ಬೇಟೆಯ ಗುಡಿಸಲಲ್ಲಿ ಖಾಲಿಯಾದವು. ಈಗ ಫೆಬ್ರವರಿ. ಸುಪೀರಿಯರ್ ಸರೋವರದ ಮೇಲಿಂದ ಬೀಸುವ ಗಾಳಿ ಕಿಟಕಿಯ ಅರ್ಧಕ್ಕೆ ಹಿಮ ತಂದು ಪೇರಿಸಿತ್ತು, ಅರ್ವಿಡನ ಮಂಚ ಮುಂದಿನ ಕೋಣೆಗೆ ಬಂದಿತ್ತು. ಅಡುಗೆಮನೆಯಲ್ಲಿ ನರ್ಸ್ ಡಾರ್ಲಾ ಕೋಟು ಹಾಕಿಕೊಳ್ಳುತ್ತಾ ಲೆನ್ನಿಗೆ ಹೇಳಿದ್ದಳು: "ಹಿಮ ಕರಗಿ ಮೇಪಲ್ ಮರದ ರಸ ಇಳಿಯೋ ಹೊತ್ತಿಗೆ ಅವ್ರು ಇರ್ತಾರೆ ಅಂತ ಅಂದ್ಕೋಬೇಡಿ."

ಅಣ್ಣತಮ್ಮಂದಿರಿಗೆ ಜಗಳವೇನೂ ಇರಲಿಲ್ಲ. ಜಗಳವಿದ್ದಿದ್ದರೆ ರಾಜಿಯಾದರೂ ಆಗುತ್ತಿತ್ತು. ಲೆನ್ನಿ ಎಲ್ಮಾಳನ್ನು ಮದುವೆಯಾಗಿ ಅವಳ ಚರ್ಚಿನ ಸಭೆ ಸೇರಿದ. ಆ ಸಭೆಯಲ್ಲಿ ಮದ್ಯ ನಿಷಿದ್ಧ, ಇಸ್ಪೀಟು ನಿಷಿದ್ಧ, ಟಿವಿ ಕೂಡ ನಿಷಿದ್ಧ. ಅರ್ವಿಡನಿಗೋ ಮೂರೂ ಬೇಕು. ಎತ್ತು ಏರಿಗೆ, ಕೋಣ ನೀರಿಗೆ. ಶನಿವಾರ ಅರ್ವಿಡನ ಸೌನಾದ ಹಬೆಕೋಣೆಯಲ್ಲಿ ಬೆವರಿಳಿಸಿ ಹೊರಬಂದವರೆಲ್ಲ ಹಿಮದಲ್ಲಿ ಹೂತಿಟ್ಟ ಬಾಟಲಿ ಕಿತ್ತು ಮುಚ್ಚಳ ಹಾರಿಸುತ್ತಿದ್ದಾಗ, ಲೆನ್ನಿ ಮಾತ್ರ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದ. ಬರಬರುತ್ತಾ ಶನಿವಾರ ಹೋಗುವುದೂ ನಿಂತಿತು. ಅರ್ವಿಡ್ ಯಾಕೆಂದು ಕೇಳಲಿಲ್ಲ. ಏನನ್ನೂ ಕೇಳುವ ಜಾಯಮಾನ ಅವನದಲ್ಲ, ಹೆಂಡತಿ ಬಿಟ್ಟುಹೋದಾಗಲೂ ಯಾರ ಹತ್ತಿರವೂ ಏನೂ ಕೇಳಿರಲಿಲ್ಲ. ಅಂಥವನು ಈಗ ಬಾಯಿಬಿಟ್ಟು ಒಂದು ಕೇಳಿದ್ದಾನೆ. ಆಗಲ್ಲ ಅನ್ನುವುದು ಹೇಗೆ?

"ಮಾಡು," ಎಂದಳು ಎಲ್ಮಾ, ಅವನು ಮನೆಗೆ ಹೋಗಿ ತಲೆ ತಗ್ಗಿಸಿ ಹೇಳಿದಾಗ. ಬೈಯುತ್ತಾಳೆಂದುಕೊಂಡಿದ್ದ. "ಆದ್ರೆ ಆ ಕೋಟು ಈಚೆ ತಗಡಿನ ಶೆಡ್ಡಲ್ಲೇ ಬಿಟ್ಟು ಒಳಗೆ ಬಾ. ಭಾನುವಾರ ನನ್ನ ಪಕ್ಕ ಕೂತವ್ರು ಮೂಗು ಅರಳಿಸ್ಬಾರ್ದು."

ಹೀಗೆ ಲೆನ್ನಿ ಮುದಿವಯಸ್ಸಿನಲ್ಲಿ ಅಕ್ಷರಾಭ್ಯಾಸಕ್ಕೆ ಕೂತ. ಗುರು ಮೇಲೆ ಮಂಚದಲ್ಲಿ, ಶಿಷ್ಯ ಕೆಳಗೆ ನೆಲಮಾಳಿಗೆಯಲ್ಲಿ, ನಡುವೆ ತೆರೆದಿಟ್ಟ ಬಾಗಿಲು.

ಸಾಮಾನು ನೋಡಿದರೆ ನಗು ಬರಬೇಕು. ಬಕೆಟ್ಟು ಬೇಕರಿಯವರು ಬಿಸಾಕಿದ್ದು, ಕೇಕಿನ ಮೇಲೆ ಬಳಿಯುವ ಕ್ರೀಮು ತುಂಬಿ ಬಂದದ್ದು. ಬಾಟಲಿಗಳು ಊರವರು ಕುಡಿದು ಬಿಸಾಕಿದ್ದು, ಚೀಟಿ ನೆನೆಸಿ ಕೆರೆದದ್ದು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಗ್ಯಾರೇಜಿನ ಗೋಡೆಗೆ ಹಬ್ಬಿದ ಬಳ್ಳಿಯದು, ಹಳೆಯ ದಿಂಬಿನ ಚೀಲದಲ್ಲಿ ಒಣಗಿ ಕೂತಿತ್ತು. ಮೊಳಕೆ ಬಾರ್ಲಿಯ ಮಾಲ್ಟ್ ಪಾಕದ ಡಬ್ಬಿಯೊಂದೇ ಅಂಗಡಿಯಿಂದ ಬರಬೇಕಾದದ್ದು. ಗಣಿ ಮೊದಲ ಸಲ ಮುಚ್ಚಿದಾಗ, ಜೇಬಿನಲ್ಲಿ ಗಾಳಿ ಬಿಟ್ಟರೆ ಏನೂ ಇಲ್ಲದಾಗ ಕಲಿತ ವಿದ್ಯೆ. ಆಮೇಲೆ ಗಣಿ ತೆರೆಯಿತು, ಸಂಬಳ ಬಂತು, ಅರ್ವಿಡ್ ಬಕೆಟ್ಟು ಮಾತ್ರ ಬದಲಾಯಿಸಲಿಲ್ಲ.

"ತೊಳೆದ್ಯೇನೋ?"

"ತೊಳೆದೆ."

"ಬ್ಲೀಚ್ ನೀರಲ್ಲಿ?"

"ಹೂಂ."

"ಆಮೇಲೆ ಬಿಸಿನೀರಲ್ಲಿ?"

"ಹೂಂ ಅಂದ್ನಲ್ಲ ಮಾರಾಯ!"

"ಇನ್ನೊಂದ್ಸಲ ತೊಳಿ. ಬಿಯರ್ ಮಾಡೋದು ಅಂದ್ರೆ ಪಾತ್ರೆ ತೊಳೆಯೋದು. ಮಿಕ್ಕಿದ್ದೆಲ್ಲಾ ಯೀಸ್ಟು ಮಾಡ್ಕೊಳ್ಳುತ್ತೆ. ನಿಮ್ಮ ಸಭೇಲಿ ಪಾಪ ತೊಳೀತಾರಲ್ಲ, ಅದಕ್ಕಿಂತ ಚೆನ್ನಾಗಿ ತೊಳೀಬೇಕು."

ಲೆನ್ನಿ ಗೊಣಗುತ್ತಾ ಮತ್ತೆ ತೊಳೆದ. ಪಾಕವನ್ನು ನೀರಿಗೆ ಸುರಿದು ಹೂವು ಹಾಕಿ ಕುದಿಸಿದ. ಒಲೆಯ ಮೇಲೆ ಒಮ್ಮೆ ಉಕ್ಕಿ ಹರಿದು ಸೀದು ಮನೆಯೆಲ್ಲ ಹೊಗೆಯಾಯಿತು. ಅರ್ವಿಡ್ ಮಂಚದಿಂದಲೇ, "ಉಕ್ಕಿಸಿದ್ಯಾ? ಶಾಬಾಶ್! ಉಕ್ಕಿಸದೆ ಯಾವನೂ ಕಲಿತಿಲ್ಲ," ಎಂದು ಕೂಗಿದ. ಆಮೇಲೆ ಕೆಮ್ಮು ಹಿಡಿದು ಬಹಳ ಹೊತ್ತು ಬಿಡಲಿಲ್ಲ. ತಣಿದ ಮೇಲೆ ಬಕೆಟ್ಟಿಗೆ ಸುರಿದು, ಯೀಸ್ಟು ಉದುರಿಸಿ, ಮುಚ್ಚಳ ಬಿಗಿದು, ಮುಚ್ಚಳದ ತೂತಿನಿಂದ ಒಂದು ನಳಿಗೆಯನ್ನು ನೀರಿನ ಸೀಸೆಗೆ ಇಳಿಬಿಟ್ಟದ್ದಾಯಿತು. ಹುದುಗಿದರೆ ಗಾಳಿ ಆ ನೀರಿನಲ್ಲಿ ಗುಳ್ಳೆಯಾಗಿ ಬರಬೇಕು.

ಮಾರನೆಯ ಬೆಳಿಗ್ಗೆ ಲೆನ್ನಿ ಬೂಟಿನ ಹಿಮ ಕೊಡವುವುದಕ್ಕೂ ಬಿಡದೆ ಅರ್ವಿಡ್ ಕೇಳಿದ, "ಬಕೆಟ್ಟು ಮಾತಾಡ್ತಿದ್ಯಾ ನೋಡು."

ಲೆನ್ನಿ ಇಳಿದು ನೋಡಿ ಬಂದ. "ಮಾತಾಡ್ತಿದೆ."

"ಏನಂತೆ?"

ಲೆನ್ನಿ ಕೆನ್ನೆ ಉಬ್ಬಿಸಿ ಬಾಯಿಯಲ್ಲೇ, "ಗುಳುಕ್," ಅಂದ. ಆಮೇಲೆ ಸ್ವಲ್ಪ ತಡೆದು ಮತ್ತೆ, "ಗುಳುಕ್."

ಅರ್ವಿಡ್ ನಕ್ಕ ನಗುವಿಗೆ ಮೂಗಿನ ನಳಿಗೆ ಕಳಚಿ ಬಿತ್ತು. ಇಬ್ಬರೂ ಹುಡುಗರಾಗಿ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ಕಾಲದ ನಗು ಅದು. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಆಟ. ಅವನಿಗೆ ಇಳಿಯಲಾಗದ ನೆಲಮಾಳಿಗೆಯ ಸದ್ದನ್ನು ಇವನು ಬಾಯಲ್ಲಿ ತುಂಬಿಕೊಂಡು ಮೇಲೆ ತರುವುದು. ಗುಳ್ಳೆ ನಿಧಾನವಾದಂತೆ ಲೆನ್ನಿಯ ಗುಳುಕ್ಕೂ ನಿಧಾನವಾಯಿತು. ಅರ್ವಿಡನ ಉಸಿರೂ ಹಾಗೇ ಆಗುತ್ತಿದ್ದುದನ್ನು ಲೆನ್ನಿ ಗಮನಿಸಿದ, ಗಮನಿಸಿಲ್ಲ ಎಂಬಂತೆ ಇದ್ದ.

ಗುಳ್ಳೆ ನಿಂತಿತು. ಬಾಟಲಿಗೆ ತುಂಬುವ ದಿನ ಬಂತು.

"ಈಗ ಕೇಳು, ಇದೇ ಮುಖ್ಯ," ಎಂದ ಅರ್ವಿಡ್. ಅವನ ದನಿ ಆಗಲೇ ಅರ್ಧವಾಗಿತ್ತು. "ಇವತ್ತು ಅದು ಸಪ್ಪೆ ನೀರು. ಸಕ್ಕರೆ ಕುದಿಸಿ ಪಾಕ ಮಾಡಿ ಬಕೆಟ್ಟಿಗೆ ಹಾಕ್ಬೇಕು. ಆ ಸಕ್ಕರೆ ತಿಂದು ಯೀಸ್ಟು ಬಾಟಲಿ ಒಳಗೆ ಗಾಳಿ ಬಿಡುತ್ತೆ. ಗಾಳಿ ಇದ್ರೆ ನೊರೆ. ಗೊತ್ತಾಯ್ತಾ? ಎಲ್ಲಾ ಗಾಜಿನ ಬಾಟಲೀಗೆ ತುಂಬು, ಒಂದೇ ಒಂದು ಮಾತ್ರ ಸೋಡಾ ಬರುತ್ತಲ್ಲ, ಆ ಪ್ಲಾಸ್ಟಿಕ್ ಬಾಟಲೀಗೆ ತುಂಬು."

"ಅದ್ಯಾಕೆ?"

"ಗಾಜನ್ನ ಹಿಂಡಿ ನೋಡೋಕಾಗುತ್ತೇನೋ ದಡ್ಡ? ಪ್ಲಾಸ್ಟಿಕ್ಕು ಹೇಳುತ್ತೆ. ಮೆತ್ತಗಿದ್ರೆ ಇನ್ನೂ ಇಲ್ಲ. ಕಲ್ಲಿನ ಥರ ಆದ್ರೆ ಆಯ್ತು. ಅದು ಕಲ್ಲಾಗೋ ತನಕ ಈ ಮನೇಲಿ ಯಾವನೂ ಮುಚ್ಚಳ ತೆಗೀಬಾರ್ದು. ಪಾದ್ರಿ ಬಂದ್ರೂ ಇಲ್ಲ." ಉಸಿರೆಳೆದುಕೊಂಡ. "ತೆಗೆದಾಗ ಒಂದು ಸದ್ದು ಬರುತ್ತೆ, ಸ್ಸ್ ಅಂತ. ಅದನ್ನ ಕಣ್ಮುಚ್ಚಿ ಕೇಳ್ಬೇಕು. ಅರ್ಧ ಬಿಯರ್ ಅದೇ ಕಣೋ. ನೀನು ಸೌನಾದಲ್ಲಿ ಕಾಫಿ ಹೀರ್ತಾ ಕೂತ್ಕೊಂಡು ಎಷ್ಟು ಕಳ್ಕೊಂಡೆ ಅಂತ ನಿನಗೇ ಗೊತ್ತಿಲ್ಲ."

ಲೆನ್ನಿ ಸಕ್ಕರೆ ಕುದಿಸಿದ. ಪಾಕವನ್ನು ಒಲೆಯ ಮೇಲೇ ಆರಲು ಬಿಟ್ಟು, ಬಾಟಲಿಗಳನ್ನು ಕೆಳಗೆ ಸಾಗಿಸಿದ. ಅಷ್ಟರಲ್ಲಿ ಅರ್ವಿಡನಿಗೆ ಉಬ್ಬಸ ಬಂತು. ತುಟಿ ನೀಲಿಯಾಯಿತು. ಲೆನ್ನಿ ಓಡಿಬಂದು ಎತ್ತಿ ಕೂರಿಸಿ, ಬೆನ್ನು ನೀವಿ, ಡಾರ್ಲಾಗೆ ಫೋನು ಮಾಡಿ, ಅವಳು ಹೇಳಿದ ಔಷಧಿಯನ್ನು ನಾಲಿಗೆಯಡಿ ಹನಿಸಿದ. ಕೊನೆಗೆ ಉಸಿರು ಹದಕ್ಕೆ ಬಂತು. "ಹೋಗು, ಬಿಯರ್ ಬಿಸಿಲಿಗೆ ಬಿಟ್ಟಿದ್ಯ," ಎಂದು ಅರ್ವಿಡ್ ಪಿಸುಗುಟ್ಟಿದ. ನೆಲಮಾಳಿಗೆಯಲ್ಲಿ ಎಲ್ಲಿಯ ಬಿಸಿಲು! ಲೆನ್ನಿ ಇಳಿದು, ನಳಿಗೆ ಇಟ್ಟು, ಒಂದೊಂದೇ ಬಾಟಲಿ ತುಂಬಿ, ಅಣ್ಣನ ಹಳೆಯ ಎರಡು ಹಿಡಿಯ ಯಂತ್ರದಿಂದ ಮುಚ್ಚಳ ಒತ್ತಿದ. ಸಂಜೆ ಮನೆಗೆ ಹೋಗುವಾಗ ಅವನಿಗೆ ಹೆಮ್ಮೆಯೆನಿಸಿತು. ಆ ಹೆಮ್ಮೆಗೆ ಭಾನುವಾರ ಕ್ಷಮೆ ಕೇಳಬೇಕೆಂದೂ ಅನಿಸಿತು.

ಬೆಳಿಗ್ಗೆ ಎಲ್ಮಾ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಜೊತೆಗೆ ಬಂದಳು. ಅರ್ವಿಡ್ ತಿನ್ನುವುದಿಲ್ಲವೆಂದು ಗೊತ್ತಿದ್ದೂ ಅವನಿಗೂ ಒಂದು ಮಾಡಿದ್ದಳು. ಬಿಸಿ ಮಾಡಲು ಒಲೆಯ ಹತ್ತಿರ ಹೋದವಳು ಅಲ್ಲಿಂದಲೇ ಕೇಳಿದಳು, "ಲೆನ್ನಿ, ಇದೇನಿದು ಅಂಟು ಪಾಕ? ಚೆಲ್ಲಲಾ?"

ಲೆನ್ನಿ ಬಾಗಿಲಲ್ಲಿ ನಿಂತು ಆ ಪಾತ್ರೆ ನೋಡಿದ. ಸಕ್ಕರೆ ಪಾಕ, ನಿನ್ನೆ ಇಟ್ಟಲ್ಲೇ, ಮೇಲೆ ಕೆನೆಗಟ್ಟಿ ಕೂತಿತ್ತು. ಬಕೆಟ್ಟಿಗೆ ಹೋಗಿಯೇ ಇರಲಿಲ್ಲ. ಅಷ್ಟು ಬಾಟಲಿಗಳಲ್ಲೂ ಸಪ್ಪೆ ನೀರು. ವರ್ಷ ಕಳೆದರೂ ನೊರೆ ಬರುವುದಿಲ್ಲ, ಪ್ಲಾಸ್ಟಿಕ್ಕು ಕಲ್ಲಾಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

"ಏನಾಯ್ತು? ಮುಖ ಯಾಕೆ ಹಂಗಾಯ್ತು?"

"ಮೆಲ್ಲಗೆ ಮಾತಾಡೇ," ಎಂದು ಅವಳ ತೋಳು ಹಿಡಿದು ಹಿಂಬಾಗಿಲಿಗೆ ಎಳೆದು ಹೇಳಿದ.

"ಸರಿಮಾಡೋಕೆ ಆಗುತ್ತಾ?"

"ಎಲ್ಲಾ ಮುಚ್ಚಳ ಕಿತ್ತು ಒಂದೊಂದಕ್ಕೂ ಸಕ್ಕರೆ ಹಾಕಿ ಮತ್ತೆ ಒತ್ತಬಹುದು. ಆದ್ರೆ ಇವತ್ತಿಂದ ಮತ್ತೆ ಕಾಯ್ಬೇಕು. ಅವನ ಹತ್ರ ಅಷ್ಟು ದಿನ ಎಲ್ಲಿದೆ?"

"ಹಾಗಾದ್ರೆ ಹೇಳ್ಬಿಡು ಅವನಿಗೆ."

"ಏನಂತ ಹೇಳ್ಲಿ? ನೀನು ಕೇಳಿದ್ದು ಒಂದೇ, ಅದನ್ನೂ ನಾನು ಹಾಳು ಮಾಡ್ದೆ ಅಂತಾನಾ?" ಎಲ್ಮಾ ಒಳಗೆ ಹೋಗಿ ಸಕ್ಕರೆ ಡಬ್ಬಿಯನ್ನೂ ಚಮಚೆಯನ್ನೂ ತಂದು ಅವನ ಕೈಗಿತ್ತಳು. ಪ್ಯಾಸ್ಟಿ ಬಿಸಿ ಮಾಡುವುದನ್ನು ಮರೆತೇಬಿಟ್ಟಳು.

ಕೆಳಗೆ ಮುಚ್ಚಳ ಒತ್ತುವ ಸದ್ದು ಮೇಲಕ್ಕೆ ಕೇಳಿಸಿತು. ಅರ್ವಿಡನ ಕಿವಿ ಮಾತ್ರ ಇನ್ನೂ ಚುರುಕು. "ಏನೋ ಅದು, ನಿನ್ನೆ ಮುಗಿಸ್ಲಿಲ್ವಾ?"

"ಬಾಯ್ಲರಿನ ತಗಡು ಸಡಿಲ ಆಗಿತ್ತು, ಬಡೀತಿದೀನಿ," ಎಂದು ಲೆನ್ನಿ ಕೂಗಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. ಮೆಟ್ಟಿಲ ಮೇಲೆ ನಿಂತಿದ್ದ ಎಲ್ಮಾ ಗಂಡನ ಮುಖ ನೋಡಿದಳು, ಆಮೇಲೆ ಗೋಡೆ ನೋಡಿದಳು. ಎಲ್ಲ ಬಾಟಲಿಗಳನ್ನೂ ಬಾಯ್ಲರಿನ ಬೆಚ್ಚಗಿನ ಮೂಲೆಗೆ ಸರಿಸಿ ಹಳೆಯ ಕಂಬಳಿ ಹೊದಿಸಿದರು.

ಅಂದಿನಿಂದ ಬೆಳಗಿನ ಆಟ ಬದಲಾಯಿತು. ಲೆನ್ನಿ ಪ್ಲಾಸ್ಟಿಕ್ ಬಾಟಲಿಯನ್ನು ಮೇಲೆ ತಂದು ಅರ್ವಿಡನ ಕೈಗಿಡುವುದು. ಅರ್ವಿಡ್ ಹೆಬ್ಬೆರಳು ಊರಿ ಹಿಂಡುವುದು. ಗಣಿಯಲ್ಲಿ ಸಲಾಕೆ ಹಿಡಿದ ಹೆಬ್ಬೆರಳು ಅದು, ಬಾಟಲಿಯ ಹೊಟ್ಟೆ ಒಳಕ್ಕೆ ಕುಸಿಯುತ್ತಿತ್ತು.

"ಇನ್ನೂ ಮೆತ್ತಗಿದೆ. ಒಯ್ದಿಡು."

"ಇಷ್ಟೊತ್ತಿಗೆ ಆಗ್ಬೇಕಿತ್ತಾ?" ಲೆನ್ನಿ ಕೇಳಿದ.

"ಚಳಿ ಜಾಸ್ತಿ. ಯೀಸ್ಟೂ ಮುದುಕರ ಥರ. ಅವಸರ ಮಾಡಿದ್ರೆ ಮುನಿಸ್ಕೊಳ್ಳುತ್ತೆ."

ಒಮ್ಮೆ ಲೆನ್ನಿ ತಾಳಲಾರದೆ ಅಂದ, "ಹೋಗ್ಲಿ ಬಿಡು, ಇವತ್ತೇ ತೆಗೆದು ಒಂದು ಗುಟುಕು ಕುಡಿ. ಯಾರು ನೋಡ್ತಾರೆ?"

ಅರ್ವಿಡನ ಕಣ್ಣು ಕೆಂಡವಾಯಿತು. "ನಾನು ನೋಡ್ತೀನಿ! ಇಷ್ಟು ವರ್ಷ ಒಂದು ಬಾಟಲೀನೂ ಹಸಿ ಇರೋವಾಗ ತೆಗೆದೋನಲ್ಲ. ಸಾಯ್ತಾ ಇದೀನಿ ಅಂತ ಈಗ ಕಳ್ಳ ಆಗ್ಲಾ?" ಅಷ್ಟು ಹೇಳಿ ಸುಸ್ತಾಗಿ ಕಣ್ಣು ಮುಚ್ಚಿದ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಲೆನ್ನಿ ಬಾಟಲಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ. ಕತ್ತಲಲ್ಲಿ ಕಂಬಳಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೇಗ ಆಗೇ, ಬೇಗ ಆಗೇ ಎಂದು ಹಲುಬಿದ. ಅವನ ಸಭೆಯವರು ನೋಡಿದ್ದರೆ ವಿಗ್ರಹಪೂಜೆ ಎನ್ನುತ್ತಿದ್ದರು. ಅಂದರೆ ಅನ್ನಲಿ.

ಅರ್ವಿಡ್ ಊಟ ಬಿಟ್ಟ. ಆಮೇಲೆ ಸೂಪು ಬಿಟ್ಟ. ಆಮೇಲೆ ನೀರೂ ಗಂಟಲಲ್ಲಿ ಇಳಿಯದಾಯಿತು. ಡಾರ್ಲಾ ಕಡ್ಡಿಯ ತುದಿಗೆ ಸ್ಪಂಜು ಅಂಟಿಸಿದ್ದನ್ನು ಒಂದು ಲೋಟದ ತುಂಬ ತಂದಿಟ್ಟಳು. "ಇದನ್ನ ಅದ್ದಿ ತುಟಿ, ನಾಲಿಗೆ ಒರೆಸ್ತಾ ಇರಿ. ನೀರೇ ಆಗ್ಬೇಕು ಅಂತಿಲ್ಲ, ಅವ್ರಿಗೆ ಇಷ್ಟವಾದ್ದು ಏನಾದ್ರೂ ಸರಿ." ಬಾಗಿಲ ಹತ್ತಿರ ದನಿ ತಗ್ಗಿಸಿ, "ಏನಕ್ಕೋ ಕಾಯ್ತಿದಾರೆ. ಕೆಲವ್ರು ಹಾಗೆ. ಅದು ಸಿಕ್ಕಿದ್ರೆ ಹೊರಡ್ತಾರೆ," ಎಂದಳು. ಅವನು ಕಾಯುತ್ತಿರುವುದು ಏನಕ್ಕೆಂದು ಲೆನ್ನಿಗಲ್ಲದೆ ಇನ್ನಾರಿಗೆ ಗೊತ್ತು?

ಮಾರನೆಯ ಬೆಳಿಗ್ಗೆ ಹಿಮ ನಿಂತು ಬಿಳಿ ಬಿಸಿಲು ಬಂದಿತ್ತು. ಲೆನ್ನಿ ಬಾಟಲಿಯನ್ನು ಅರ್ವಿಡನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದ. ಹೆಬ್ಬೆರಳು ಬಾಟಲಿಯ ಮೇಲೆ ಕೂತಿತು. ಅರ್ವಿಡನ ಹುಬ್ಬು ಗಂಟಿಕ್ಕಿತು, ತೋಳಿನ ನರ ಒಮ್ಮೆ ಎದ್ದು ಬಿತ್ತು. ಆಮೇಲೆ ಮುಖ ಅರಳಿತು.

"ಕಲ್ಲು," ಎಂದ. "ಆಯ್ತು ಕಣೋ ಲೆನ್ನಿ. ಕಲ್ಲಾಗಿದೆ."

ಲೆನ್ನಿಗೆ ಜೀವ ಬಂದಂತಾಯಿತು. ದೇವರೇ, ಆಯಿತಲ್ಲ! ಬಾಟಲಿ ತೆಗೆದುಕೊಂಡು ತಾನೂ ಒತ್ತಿದ. ಅವನ ಹೆಬ್ಬೆರಳು ಸಲೀಸಾಗಿ ಒಳಕ್ಕೆ ಹೋಯಿತು. ನಿನ್ನೆಯಷ್ಟೇ ಮೆತ್ತಗಿತ್ತು.

ಅವನು ಹಾಸಿಗೆಯ ಮೇಲಿದ್ದ ಅಣ್ಣನ ಕೈ ನೋಡಿದ. ಅಂಗೈ ತೆರೆದಂತೆಯೇ ಬಿದ್ದಿತ್ತು, ಬೆರಳು ಮಡಿಸಿಕೊಳ್ಳುವಷ್ಟೂ ಕಸುವಿರಲಿಲ್ಲ. ಬಾಟಲಿ ಗಟ್ಟಿಯಾಗಿರಲಿಲ್ಲ, ಬೆರಳು ಸೋತಿತ್ತು.

ಎಲ್ಮಾ ಮಂಚದ ಆಚೆ ಬದಿಯಲ್ಲಿದ್ದಳು. ಲೆನ್ನಿಯ ಹೆಬ್ಬೆರಳು ಕುಸಿದದ್ದನ್ನು ಅವಳೂ ನೋಡಿದ್ದಳು.

"ಏನಂತೀಯ?" ಎಂದ ಅರ್ವಿಡ್.

"ಕಲ್ಲೇ," ಎಂದ ಲೆನ್ನಿ. "ಕಬ್ಬಿಣದ ಅದಿರು ನೋಡು, ಹಂಗಿದೆ."

"ತೆಗಿ ಮತ್ತೆ." ಅರ್ವಿಡ್ ಕಣ್ಣು ಮುಚ್ಚಿದ. ಮುಖವನ್ನು ಕಿವಿ ಈಚೆಗೆ ಬರುವಂತೆ ಒಂದಿಷ್ಟು ಹೊರಳಿಸಿದ.

ಸದ್ದಿಗೆ ಕಾಯುತ್ತಿದ್ದಾನೆ! ಲೆನ್ನಿ ಮುಚ್ಚಳ ತಿರುಗಿಸಿದ. ಏನೂ ಇಲ್ಲ, ಎಣ್ಣೆ ಬಾಟಲಿಯ ಮುಚ್ಚಳ ತೆಗೆದಷ್ಟೇ ಸದ್ದು. ಅಣ್ಣನ ಹುಬ್ಬುಗಳು ಇನ್ನೂ ಮೇಲೇ ಇದ್ದವು. ಲೆನ್ನಿ ಬಗ್ಗಿ, ಆ ಕಿವಿಯ ಹತ್ತಿರ ಬಾಯಿಟ್ಟು, ಹಲ್ಲುಗಳ ಸಂದಿಯಿಂದ ಉಸಿರು ಬಿಟ್ಟ.

"ಸ್ಸ್ಸ್ಸ್..."

ಉಸಿರು ಮುಗಿಯುವ ತನಕ ಬಿಟ್ಟ.

ಅರ್ವಿಡ್ ನಕ್ಕ. ಸದ್ದಿಲ್ಲದ ನಗು, ಕೆನ್ನೆಯಲ್ಲಿ ಮಾತ್ರ. "ಆಹಾ," ಎಂದ.

ಸ್ಪಂಜಿನ ಕಡ್ಡಿಯನ್ನು ಬಾಟಲಿಯಲ್ಲಿ ಅದ್ದಿದವಳು ಎಲ್ಮಾ. ತನ್ನ ಕೈಯಿಂದಲೇ ಅವನ ತುಟಿಗೆ, ಆಮೇಲೆ ನಾಲಿಗೆಗೆ ಸವರಿದಳು. ಅರ್ವಿಡ್ ಅದನ್ನು ಚೀಪಿದ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ.

"ಹೇಗಿದ್ಯೋ?" ಲೆನ್ನಿ ಕೇಳಿದ.

"ಸ್ವಲ್ಪ ಸೀ." ಉಸಿರಿಗೆ ಕಾದ. "ಮೊದಲ್ನೇ ಸಲಕ್ಕೆ ಪರವಾಗಿಲ್ಲ."

ಆಮೇಲೆ ಅವನು ಹೆಚ್ಚು ಮಾತಾಡಲಿಲ್ಲ. ಮಧ್ಯಾಹ್ನ ಬಿಸಿಲು ಗೋಡೆಯಿಂದ ಜಾರುವ ಹೊತ್ತಿಗೆ, ಒಂದು ಉಸಿರಿನ ಹಿಂದೆ ಇನ್ನೊಂದು ಬರಲಿಲ್ಲ. ಲೆನ್ನಿ ಕೆನ್ನೆಗೆ ಕೆನ್ನೆ ಕೊಟ್ಟು ಕಾದ. ಎಲ್ಮಾ ಮೂಗಿನ ನಳಿಗೆ ತೆಗೆದು ಆಮ್ಲಜನಕದ ಯಂತ್ರ ಆರಿಸಿದಳು. ಮನೆ ಅಷ್ಟು ಸದ್ದು ಮಾಡುತ್ತಿತ್ತೆಂದು ಆಗಲೇ ಗೊತ್ತಾದದ್ದು.

ಚರ್ಚಿನಲ್ಲಿ ಪ್ರಾರ್ಥನೆ ಆಯಿತು, ಅದರ ನೆಲಮಾಳಿಗೆಯಲ್ಲಿ ಕಾಫಿಯೂ ಏಲಕ್ಕಿ ಬ್ರೆಡ್ಡೂ ಆಯಿತು. ಮಣ್ಣು ಮಾತ್ರ ಆಗಲಿಲ್ಲ. ಆ ಊರಿನಲ್ಲಿ ಚಳಿಗಾಲದಲ್ಲಿ ಸತ್ತವರಿಗೆ ನೆಲ ಸಿಗುವುದಿಲ್ಲ, ಹೆಪ್ಪುಗಟ್ಟಿದ ಭೂಮಿಗೆ ಗುದ್ದಲಿ ಇಳಿಯುವುದಿಲ್ಲ. ಸ್ಮಶಾನದ ಕಲ್ಲಿನ ಕೋಣೆಯಲ್ಲಿ ಪೆಟ್ಟಿಗೆಯನ್ನಿಟ್ಟು ಬೀಗ ಹಾಕಿದರು. ಹಿಮ ಕರಗುವ ತನಕ ಅರ್ವಿಡ್ ಅಲ್ಲಿಯೂ ಕಾಯಬೇಕು.

ಕೆಲವು ದಿನ ಬಿಟ್ಟು ಗಂಡಹೆಂಡತಿ ಮನೆ ಒಪ್ಪ ಮಾಡಲು ಬಂದರು. ಎಲ್ಮಾ ಹೊದಿಕೆಗಳನ್ನು ಮಡಿಸತೊಡಗಿದಳು. ಲೆನ್ನಿ ಔಷಧಿ ಸೀಸೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ, ಅವುಗಳ ಹಿಂದೆ ಆ ಪ್ಲಾಸ್ಟಿಕ್ ಬಾಟಲಿ ಕಂಡಿತು. ಅಂದು ಮುಚ್ಚಳ ಮತ್ತೆ ಬಿಗಿದು ಅಲ್ಲೇ ಇಟ್ಟು ಮರೆತಿದ್ದ. ಕೋಣೆಯ ಹೀಟರು ಪಕ್ಕದಲ್ಲೇ ಇತ್ತು. ಎತ್ತಿಕೊಂಡು, ಅಭ್ಯಾಸಬಲದಿಂದ ಹೆಬ್ಬೆರಳು ಒತ್ತಿದ.

ಹೆಬ್ಬೆರಳು ಇಳಿಯಲಿಲ್ಲ.

ಬಲವಾಗಿ ಒತ್ತಿದ. ಎರಡೂ ಕೈಯಲ್ಲಿ ಹಿಂಡಿದ. ತನ್ನ ಕೈಯೂ ಸೋತಿತೇ ಎಂದು ಅವನಿಗೆ ಭಯವಾಯಿತು. "ಎಲ್ಮಾ, ಇದನ್ನ ಸ್ವಲ್ಪ ಹಿಂಡಿ ನೋಡು."

ಎಲ್ಮಾ ಹೊದಿಕೆ ಕೆಳಗಿಟ್ಟು ಬಂದು ಹಿಂಡಿದಳು. "ಕಲ್ಲಾಗಿದೆ," ಎಂದಳು. ಅಂದ ಮೇಲೆ ಅವಳಿಗೂ ನೆನಪಾಗಿ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡಳು.

ಲೆನ್ನಿ ಖಾಲಿ ಮಂಚದ ಅಂಚಿನಲ್ಲಿ ಕೂತು ಮುಚ್ಚಳ ತಿರುಗಿಸಿದ. ಬಾಟಲಿ ಸ್ಸ್ ಎಂದಿತು. ಉದ್ದಕ್ಕೆ, ತಾನಾಗಿಯೇ, ಯಾರ ಬಾಯಿಯ ಹಂಗೂ ಇಲ್ಲದೆ. ಬಿಳಿ ನೊರೆ ಎದ್ದು ಅವನ ಬೆರಳ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕಿತು. ಅವನು ಹೆಂಡತಿಯ ಕಡೆ ನೋಡಿದ. ಅವಳು ಬೇಡ ಅನ್ನಲಿಲ್ಲ.

ಬಾಟಲಿಗೆ ಬಾಯಿಟ್ಟು ಒಂದು ಗುಟುಕು ಕುಡಿದ. ಸೀ ಇರಲಿಲ್ಲ. ಚುರುಗುಟ್ಟುವ ಗಾಳಿ, ಹಿಂದೆಯೇ ಗ್ಯಾರೇಜಿನ ಗೋಡೆಯ ಹೂವಿನ ಕಹಿ. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.